ಮಾರಬೇಡ, ಬಾಡಿಗೆಗೆ ಕೊಡಬೇಡ, ಕೆಡವಬೇಡ: ಕಿಸೊ ಕಣಿವೆಯಲ್ಲಿ ಒಂದು ಶರತ್ಕಾಲದ ನಡಿಗೆ

ಇವತ್ತು ಎಂಟು ಕಿಲೋಮೀಟರ್ ಉದ್ದದ ಒಂದು ನಡಿಗೆಯ ಬಗ್ಗೆ ಮಾತಾಡೋಣ. ಎಂಟೇ ಕಿಲೋಮೀಟರ್. ಕುಮಾರ ಪರ್ವತ ಹತ್ತಿ ಬಂದವರು ಇದನ್ನು ಚಾರಣ ಅಂತ ಒಪ್ಪಿಕೊಳ್ಳೋದೇ ಕಷ್ಟ. ಆದರೆ ಈ ದಾರಿಯ ಎರಡು ತುದಿಯಲ್ಲಿ ಎರಡು ಹಳ್ಳಿಗಳಿವೆ, ಅವೆರಡರ ನಡುವೆ ಒಂದು ಕಾಡಿದೆ. ಒಂದು ಹಳ್ಳಿ ಹಳ್ಳಿಯಾಗಿ ಉಳಿಯೋದಕ್ಕೆ ಏನೇನು ಬೇಕು, ಅದಕ್ಕೆ ಬೆಲೆ ತೆರೋರು ಯಾರು ಅನ್ನೋ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಕಣ್ಣ ಮುಂದೆ ಇಡುವ ಇನ್ನೊಂದು ಜಾಗವನ್ನು ನಾನಂತೂ ನೋಡಿಲ್ಲ.

ಜಾಗ ಯಾವುದು ಅಂದ್ರೆ, ಜಪಾನಿನ ನಟ್ಟನಡುವಿನ ಕಿಸೊ ಕಣಿವೆ. ಹಳ್ಳಿಗಳ ಹೆಸರು ಮಾಗೊಮೆ ಮತ್ತು ತ್ಸುಮಾಗೊ. ಕಾಲ ನವೆಂಬರ್ ಮೊದಲ ಎರಡು ವಾರ.

ಕಾಲದ ಬಗ್ಗೆ ಮೊದಲು ಒಂದು ಮಾತು. ನಾವು ಕನ್ನಡದಲ್ಲಿ ‘ಆಟಮ್’ ಅನ್ನೋದಕ್ಕೆ ಶರದೃತು ಅಂತ ಬರೆದುಬಿಡ್ತೀವಿ. ಆದರೆ ನಮ್ಮ ಶರತ್ತಿನಲ್ಲಿ ಎಲೆ ಉದುರೋದಿಲ್ಲ. ನಮಗೆ ಶರತ್ ಅಂದ್ರೆ ಮಳೆ ಹೊಳವಾಗಿ ಆಕಾಶ ತಿಳಿಯಾಗೋದು, ನವರಾತ್ರಿ, ಗದ್ದೆಯಲ್ಲಿ ತೆನೆ ಬಲಿಯೋದು. ನಮ್ಮಲ್ಲಿ ಎಲೆ ಉದುರೋದು ಶಿಶಿರದಲ್ಲಿ, ಅದೂ ಬಯಲುಸೀಮೆಯ ಕುರುಚಲು ಕಾಡುಗಳಲ್ಲೇ ಹೆಚ್ಚು. ಜಪಾನಿನಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ಆಕಾಶ ತಿಳಿಯಾಗುತ್ತೆ, ಭತ್ತದ ಕೊಯ್ಲು ಮುಗಿದಿರುತ್ತೆ, ಅದೇ ಹೊತ್ತಿಗೆ ಬೆಟ್ಟದ ಮೇಪಲ್ ಮರಗಳು ಕೆಂಪಾಗುತ್ತವೆ. ರಾತ್ರಿ ಚಳಿ, ಹಗಲು ಬಿಸಿಲು ಇದ್ದಾಗ ಎಲೆಯ ಹಸಿರು ಒಡೆದು ಹೋಗಿ, ಒಳಗಿದ್ದ ಹಳದಿ ಹೊರಗೆ ಕಾಣುತ್ತೆ. ಕೆಂಪು ಬಣ್ಣವನ್ನಂತೂ ಎಲೆ ಆಗಲೇ ಹೊಸದಾಗಿ ತಯಾರಿಸಿಕೊಳ್ಳುತ್ತೆ. ಜಪಾನೀಯರು ಇದಕ್ಕೆ ‘ಕೋಯೋ’ ಅಂತಾರೆ. ಚೆರ್ರಿ ಹೂವಿನ ಕಾಲದ ಹಾಗೆ ಇದನ್ನೂ ನೋಡೋದಕ್ಕೆ ಅಂತಲೇ ಜನ ಊರೂರು ಸುತ್ತುತ್ತಾರೆ.

ಈಗ ದಾರಿಗೆ ಬರೋಣ. ಇದು ಚಾರಣಿಗರಿಗೋಸ್ಕರ ಮಾಡಿದ ದಾರಿ ಅಲ್ಲ. ಎದೊ ಕಾಲದ, ಅಂದ್ರೆ 17ನೇ ಶತಮಾನದಿಂದ 19ನೇ ಶತಮಾನದ ನಡುವಿನವರೆಗಿನ ಒಂದು ರಾಜಮಾರ್ಗ. ಹೆಸರು ನಕಸೆಂಡೊ. ಆಗಿನ ಎದೊ, ಈಗಿನ ಟೋಕಿಯೊದಿಂದ ಕ್ಯೋಟೊವರೆಗೆ ಬೆಟ್ಟಗಳ ನಡುವೆ ಹಾದು ಹೋಗುತ್ತಿದ್ದ, ಸುಮಾರು 530 ಕಿಲೋಮೀಟರ್ ಉದ್ದದ ರಸ್ತೆ. ದಾರಿಯುದ್ದಕ್ಕೂ 69 ತಂಗುದಾಣಗಳು. ಕುದುರೆ ಬದಲಿಸೋದು, ಹಮಾಲಿಗಳನ್ನು ಗೊತ್ತು ಮಾಡೋದು, ರಾತ್ರಿ ತಂಗೋದು ಎಲ್ಲ ಅಲ್ಲೇ. ನಮ್ಮ ಕಡೆ ಹಳೇ ಘಟ್ಟದ ದಾರಿಗಳಲ್ಲಿ ಛತ್ರ, ಅರವಟ್ಟಿಗೆ, ಎತ್ತಿನ ಗಾಡಿ ನಿಲ್ಲಿಸೋ ಕಟ್ಟೆ ಇದ್ದವಲ್ಲ, ಆ ತರಹದ್ದೇ, ಆದರೆ ಸರ್ಕಾರದ ಕಟ್ಟುನಿಟ್ಟಿನ ವ್ಯವಸ್ಥೆಯಲ್ಲಿ. ಎದೊ ಕಡೆಯಿಂದ ಎಣಿಸಿದರೆ ತ್ಸುಮಾಗೊ 42ನೆಯದು, ಮಾಗೊಮೆ 43ನೆಯದು.

ಹೋಗೋದು ಹೇಗೆ? ನಗೋಯ ನಗರದಿಂದ ನಾಕತ್ಸುಗಾವಾ ಅನ್ನೋ ಊರಿಗೆ ಎಕ್ಸ್‌ಪ್ರೆಸ್ ರೈಲಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದು. ಅಲ್ಲಿಂದ ಮಾಗೊಮೆಗೆ ಬಸ್ಸಿನಲ್ಲಿ ಅರ್ಧ ಗಂಟೆ. ನಾನು ಮಾಗೊಮೆಯಿಂದ ತ್ಸುಮಾಗೊ ಕಡೆಗೆ ನಡೆದೆ. ಮೊದಲ ಸಲ ಹೋಗೋರಿಗೆ ಅದೇ ಒಳ್ಳೆಯದು. ಮಾಗೊಮೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ನಡುವಿನ ಕಣಿವೆ ದಾರಿಯ ನೆತ್ತಿ ಸುಮಾರು 800 ಮೀಟರ್, ತ್ಸುಮಾಗೊ 400 ಮೀಟರಿಗಿಂತ ಸ್ವಲ್ಪ ಮೇಲೆ. ಅಂದ್ರೆ ಹತ್ತೋದು ಕಮ್ಮಿ, ಇಳಿಯೋದು ಜಾಸ್ತಿ. ನಿಧಾನಕ್ಕೆ ನಡೆದರೂ ಮೂರು ಗಂಟೆ ಸಾಕು.

ಮಾಗೊಮೆ ಊರೇ ಒಂದು ಇಳಿಜಾರು. ನಡುವೆ ಕಲ್ಲು ಹಾಸಿದ ಕಡಿದಾದ ಬೀದಿ, ಎರಡೂ ಕಡೆ ಮರದ ಮನೆಗಳು, ಮನೆಗಳ ಪಕ್ಕದಲ್ಲಿ ಹರಿಯೋ ನೀರಿನ ಕಾಲುವೆ. ನೋಡಿದ ತಕ್ಷಣ ಮುನ್ನೂರು ವರ್ಷ ಹಳೇದು ಅನ್ನಿಸುತ್ತೆ. ಹಾಗಲ್ಲ. 1895ರಲ್ಲಿ ಒಮ್ಮೆ, 1915ರಲ್ಲಿ ಇನ್ನೊಮ್ಮೆ ಬೆಂಕಿ ಬಿದ್ದು ಹಳೇ ಮನೆಗಳು ಸುಟ್ಟು ಹೋದವು. ಈಗ ನಾವು ನೋಡೋದು ಆಮೇಲೆ ಕಟ್ಟಿದ ಊರು. ಹಳೇ ಬೀದಿಯ ರೇಖೆ, ಹಳೇ ಇಳಿಜಾರು, ಆ ಕಲ್ಲಿನ ದಾರಿ ಉಳಿದಿದೆ. ಮನೆಗಳು ಹೊಸವು, ಆದರೆ ಹಳೇ ಮಾತನ್ನೇ ಆಡ್ತಾವೆ.

ಜಪಾನಿನ ದೊಡ್ಡ ಲೇಖಕ ಶಿಮಾಜಾಕಿ ತೋಸೊನ್ ಹುಟ್ಟಿದ್ದು ಇದೇ ಊರಿನಲ್ಲಿ, 1872ರಲ್ಲಿ. ಅವರ ಮನೆತನ ಇಲ್ಲಿನ ‘ಹೊಂಜಿನ್’ ನಡೆಸ್ತಿತ್ತು, ಅಂದ್ರೆ ದೊರೆಗಳು ದಾರಿಯಲ್ಲಿ ತಂಗುವ ಮನೆ. ‘ಯೋಅಕೆ ಮಾಯೆ’ ಅಂತ ಅವರದೊಂದು ದೊಡ್ಡ ಕಾದಂಬರಿ ಇದೆ, ‘ಬೆಳಗಾಗುವ ಮುನ್ನ’ ಅಂತ ಅರ್ಥ. 1929ರಿಂದ 1935ರವರೆಗೆ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದಿದ್ದು. ಅದರ ನಾಯಕನಿಗೆ ತೋಸೊನ್ ಅವರ ತಂದೆಯೇ ಮಾದರಿ. ಹೊಸ ಮೇಜಿ ಸರ್ಕಾರ ಬಂದರೆ ಬೆಟ್ಟದ ಜನರಿಗೆ ಕಾಡಿನ ಹಕ್ಕು ಸಿಗುತ್ತೆ ಅಂತ ನಂಬಿದ ಮನುಷ್ಯ ಅವನು. ಬಂದ ಸರ್ಕಾರ ಕಾಡಿಗೆ ಇನ್ನೂ ಬಿಗಿಯಾಗಿ ಬೇಲಿ ಹಾಕುತ್ತೆ. ಅವನು ಮುರಿದು ಹೋಗ್ತಾನೆ, ಕೊನೆಗೆ ಬುದ್ಧಿಯ ಹಿಡಿತವೂ ತಪ್ಪುತ್ತೆ. ಮಲೆನಾಡಿನವರಿಗೆ ಈ ಕಥೆ ದೂರದ್ದು ಅನ್ನಿಸೋದಿಲ್ಲ. ನಮ್ಮಲ್ಲಿ ಬ್ರಿಟಿಷರ ಅರಣ್ಯ ಕಾಯ್ದೆ ಬಂದಿದ್ದು 1878ರಲ್ಲಿ, ಹೆಚ್ಚುಕಮ್ಮಿ ಅದೇ ಕಾಲ. ಸೊಪ್ಪಿನ ಬೆಟ್ಟದ ಹಕ್ಕು ಯಾರದ್ದು ಅನ್ನೋ ಜಗಳ ಉತ್ತರ ಕನ್ನಡದಲ್ಲಿ ಎಷ್ಟು ದಿನ ನಡೀತು ಅನ್ನೋದು ಆ ಕಡೆಯವರಿಗೆ ಗೊತ್ತು.

ಊರು ದಾಟಿದ ಮೇಲೆ ಕಾಡು ಶುರು. ಸ್ವಲ್ಪ ದೂರಕ್ಕೊಂದು ಕಂಬ, ಕಂಬಕ್ಕೊಂದು ಗಂಟೆ. ಪಕ್ಕದಲ್ಲಿ ಫಲಕ: ಕರಡಿ ಬಂದೀತು, ಗಂಟೆ ಬಾರಿಸಿ ಅಂತ. ದೇವಸ್ಥಾನದಲ್ಲಿ ಬಾರಿಸಿದ ಹಾಗೆ ಎಲ್ಲರೂ ಬಾರಿಸ್ಕೊಂಡು ಹೋಗ್ತಾರೆ. ಮೊದಲು ತಮಾಷೆ ಅನ್ನಿಸುತ್ತೆ, ಆದರೆ ತಮಾಷೆ ಅಲ್ಲ. ಆ ಕಾಡಿನಲ್ಲಿ ಏಷ್ಯಾದ ಕಪ್ಪು ಕರಡಿಗಳಿವೆ. ಚಳಿಗಾಲದ ನಿದ್ದೆಗೆ ಮುಂಚೆ ಹೊಟ್ಟೆ ತುಂಬಿಸಿಕೊಳ್ಳೋದಕ್ಕೆ ಓಕ್ ಕಾಯಿ, ಚೆಸ್ಟ್‌ನಟ್ ಹುಡುಕಿಕೊಂಡು ಓಡಾಡೋದು ಇದೇ ಶರತ್ಕಾಲದಲ್ಲಿ. ಎದುರಾಬದುರಾ ಆಗಿ ಬೆಚ್ಚಿದರೆ ಕರಡಿ ಮೇಲೆ ಬೀಳುತ್ತೆ. ದೂರದಿಂದಲೇ ಸದ್ದು ಕೇಳಿಸಿದರೆ ಸಾಮಾನ್ಯವಾಗಿ ಅದೇ ಪಕ್ಕಕ್ಕೆ ಸರಿಯುತ್ತೆ.

ಇನ್ನೊಂದು ವಿಷಯ. ಇಡೀ ಬೆಟ್ಟ ಕೆಂಪಾಗಿರುತ್ತೆ ಅಂದುಕೊಂಡು ಹೋದರೆ ನಿರಾಸೆ ಆಗಬಹುದು. ಅಂಚಿನಲ್ಲಿ, ಹೊಲದ ಬದುವಿನಲ್ಲಿ, ಹಳ್ಳದ ಪಕ್ಕದಲ್ಲಿ ಮೇಪಲ್ ಉರಿಯುತ್ತಿರುತ್ತೆ. ಕಾಡಿನ ಒಳಗೆ ಹೋದರೆ ಕಡು ಹಸಿರು, ನೆರಳು, ನೆಟ್ಟಗೆ ನಿಂತ ಕಾಂಡಗಳು. ಅದು ಹಿನೋಕಿ, ಜಪಾನಿನ ಸೈಪ್ರೆಸ್. ಅದರ ಎಲೆ ಉದುರೋದಿಲ್ಲ, ಬಣ್ಣ ಬದಲಾಗೋದಿಲ್ಲ. ಅರಮನೆ, ಕೋಟೆ, ದೇವಾಲಯಗಳಿಗೆಲ್ಲ ಬೇಕಾಗಿದ್ದ ಮರ ಇದು. ಎದೊ ಕಾಲದಲ್ಲಿ ಈ ಕಾಡು ಓವಾರಿ ಸಂಸ್ಥಾನದ ಸ್ವತ್ತು. ಹಿನೋಕಿ ಸೇರಿ ಐದು ಜಾತಿಯ ಮರಗಳನ್ನು ಇಲ್ಲಿನ ಜನ ಕಡಿಯೋ ಹಾಗೇ ಇರಲಿಲ್ಲ. ‘ಒಂದು ಮರಕ್ಕೆ ಒಂದು ತಲೆ’ ಅನ್ನೋ ಮಾತು ಇವತ್ತಿಗೂ ಅಲ್ಲಿ ಚಾಲ್ತಿಯಲ್ಲಿದೆ. ಮರ ಕಡಿದರೆ ತಲೆ ಹೋಗುತ್ತೆ ಅಂತ ಅರ್ಥ. ಕಣಿವೆ ದಾಟಿ ಇಳಿಯುವಾಗ ಒಂದು ತೆರೆದ ಬಯಲು ಸಿಗುತ್ತೆ. ಆಗ ಅಲ್ಲಿ ಮರದ ತಪಾಸಣೆ ಠಾಣೆ ಇತ್ತು. ಯಾರು ಏನು ಹೊತ್ತುಕೊಂಡು ಹೋಗ್ತಿದ್ದಾರೆ ಅಂತ ಅಲ್ಲಿ ನೋಡ್ತಿದ್ದರು.

ಈಗ ಅಲ್ಲಿ ಠಾಣೆ ಇಲ್ಲ. ಅದರ ಹತ್ತಿರ ಒಂದು ಹಳೇ ಮನೆ ಇದೆ, ಚಹಾದ ಮನೆ. ಒಳಗೆ ನೆಲದ ನಡುವೆ ಒಲೆ, ಮೇಲೆ ತೂಗುಹಾಕಿದ ಕೆಟಲ್. ದಾರಿಹೋಕರಿಗೆ ಚಹಾ ಕೊಡ್ತಾರೆ, ಬೆಲೆ ಇಲ್ಲ, ಬೇಕಿದ್ದರೆ ಡಬ್ಬಿಗೆ ಏನಾದರೂ ಹಾಕಬಹುದು. ಸ್ಥಳೀಯರು ಸ್ವಯಂಸೇವೆಯಾಗಿ ನಡೆಸೋದು. ಅರವಟ್ಟಿಗೆ ಅನ್ನೋ ಪದ ನನಗೆ ನೆನಪಾಗಿದ್ದು ಅಲ್ಲಿ ಕೂತಾಗಲೇ. ಒಂದು ಕಾಲದಲ್ಲಿ ಬೆಟ್ಟದ ಜನರನ್ನು ಅನುಮಾನದಿಂದ ನೋಡಿದ ಜಾಗದಲ್ಲಿ, ಇವತ್ತು ಆ ಬೆಟ್ಟದ ಜನ ಗೊತ್ತು ಗುರಿ ಇಲ್ಲದವರಿಗೆ ಕೂರಿಸಿ ಚಹಾ ಕೊಡ್ತಾರೆ.

ಅಲ್ಲಿಂದ ಮುಂದೆ ಇಳಿಜಾರು. ಎರಡು ಜಲಪಾತಗಳು, ಗಂಡು ಜಲಪಾತ ಹೆಣ್ಣು ಜಲಪಾತ ಅಂತ ಹೆಸರು. ಆಮೇಲೆ ಕೊಯ್ದ ಗದ್ದೆಗಳು, ಎಲೆ ಪೂರ್ತಿ ಉದುರಿ ಬರೀ ಕಿತ್ತಳೆ ಬಣ್ಣದ ಹಣ್ಣು ಹೊತ್ತ ಕಾಕಿ ಮರಗಳು. ಸೂರಿನ ಕೆಳಗೆ ಸಿಪ್ಪೆ ಸುಲಿದ ಕಾಕಿ ಹಣ್ಣುಗಳನ್ನು ದಾರಕ್ಕೆ ಕಟ್ಟಿ ಒಣಗಲು ಬಿಟ್ಟಿರುತ್ತಾರೆ. ಹೀಗೆ ನಡೆಯುತ್ತಾ ತ್ಸುಮಾಗೊ ಬಂದುಬಿಡುತ್ತೆ.

ಈ ಊರು ಬೇರೆ. ಕಪ್ಪಾದ ಮರದ ಮನೆಗಳು, ಜಾಲಂಧ್ರಗಳು, ಕೆಲವು ಮನೆಗಳ ಹಲಗೆ ಸೂರಿನ ಮೇಲೆ ಗಾಳಿಗೆ ಹಾರದಂತೆ ಇಟ್ಟ ಕಲ್ಲುಗಳು. ಮುಖ್ಯ ಬೀದಿಯಲ್ಲಿ ವಿದ್ಯುತ್ ತಂತಿ ಕಾಣೋದಿಲ್ಲ, ಹಗಲು ಹೊತ್ತು ಕಾರು ಬಿಡೋದಿಲ್ಲ. ‘ವಾಕಿಹೊಂಜಿನ್’ ಅನ್ನೋ ದೊಡ್ಡ ಮನೆಯೊಂದಿದೆ, ದೊರೆಗಳ ಎರಡನೇ ದರ್ಜೆಯ ತಂಗುಮನೆ. ಈಗಿನ ಕಟ್ಟಡ 1877ರದ್ದು. ಮರದ ಮೇಲಿನ ನಿಷೇಧ ಹೋದ ಮೇಲೆ ಆ ಮನೆಯವರು ಹಿನೋಕಿಯಲ್ಲೇ ಕಟ್ಟಿಸಿದರು. ಒಳಗೆ ಇವತ್ತಿಗೂ ಒಲೆ ಉರಿಸುತ್ತಾರೆ. ಹೊಗೆ ಮೇಲೇರಿ ತೊಲೆಗಳಿಗೆ ಹಿಡಿಯುತ್ತೆ, ಹುಳ ಹತ್ತೋದಿಲ್ಲ. ನಮ್ಮ ಅಡುಗೆಮನೆಯ ಮೇಲಿನ ಅಟ್ಟ ಯಾಕೆ ಅಷ್ಟು ಗಟ್ಟಿ ಇರ್ತಿತ್ತು ಅನ್ನೋದಕ್ಕೂ ಉತ್ತರ ಅದೇ.

ಇಷ್ಟೆಲ್ಲ ಉಳಿದಿದ್ದು ಹೇಗೆ? ಈ ಸಂಚಿಕೆ ಮಾಡ್ತಿರೋದೇ ಇದನ್ನು ಹೇಳೋದಕ್ಕೆ.

ಮೊದಲ ಕಾರಣ ಬಡತನ. 1911ರಲ್ಲಿ ಈ ಕಣಿವೆಯ ರೈಲು ಮಾರ್ಗ ಪೂರ್ತಿ ಆಯ್ತು. ರೈಲು ನದಿಯ ಪಕ್ಕದಲ್ಲಿ ಹೋಯ್ತು, ತ್ಸುಮಾಗೊವನ್ನು ಮುಟ್ಟಲಿಲ್ಲ. ನಡೆದು ಬರೋರು ನಿಂತರು, ತಂಗುಮನೆಗಳಿಗೆ ಕೆಲಸ ಇಲ್ಲ. ಹೊಸ ಮನೆ ಕಟ್ಟೋಕೆ ದುಡ್ಡಿಲ್ಲದ್ದರಿಂದ ಹಳೇ ಮನೆಗಳು ಹಾಗೇ ನಿಂತವು. ಎರಡನೇ ಮಹಾಯುದ್ಧದ ನಂತರ ಯುವಕರು ನಗರಗಳಿಗೆ ಹೋದರು. 1960ರ ದಶಕದ ಹೊತ್ತಿಗೆ ಇದು ಸಾಯುತ್ತಿರುವ ಊರು.

ಎರಡನೇ ಕಾರಣ ಜನರ ತೀರ್ಮಾನ. 1968, ಮೇಜಿ ಕ್ರಾಂತಿಯ ನೂರನೇ ವರ್ಷ. ಆ ನೆಪದಲ್ಲಿ ನಾಗಾನೊ ಪ್ರಾಂತ್ಯ ಸರ್ಕಾರ ತ್ಸುಮಾಗೊದ ಮನೆಗಳ ದುರಸ್ತಿಗೆ ಕೈಹಾಕಿತು. ಊರಿನವರು ತಮ್ಮದೇ ಒಂದು ಸಂಘ ಮಾಡಿಕೊಂಡರು. ಅದು ಜಪಾನಿನ ಆರ್ಥಿಕತೆ ಜಿಗಿಯುತ್ತಿದ್ದ ಕಾಲ, ಎಲ್ಲ ಕಡೆ ಹಳೇದನ್ನು ಕೆಡವಿ ಕಾಂಕ್ರೀಟ್ ಹಾಕ್ತಿದ್ದರು. ಮನೆಗಳು ಚೆಂದ ಆದ ಮೇಲೆ ಪ್ರವಾಸಿಗಳು ಬಂದರು. ಪ್ರವಾಸಿಗಳು ಬಂದ ಮೇಲೆ ದುಡ್ಡಿರೋರು ಹಿಂದೆಯೇ ಬರ್ತಾರೆ ಅನ್ನೋದು ಅವರಿಗೆ ಗೊತ್ತಿತ್ತು. 1971ರಲ್ಲಿ ಊರಿನವರೇ ಸೇರಿ ಒಂದು ನಿವಾಸಿಗಳ ಸನ್ನದು ಮಾಡಿಕೊಂಡರು. ಅದರ ಸಾರ ಮೂರೇ ಮಾತು: ಮಾರಬೇಡ, ಬಾಡಿಗೆಗೆ ಕೊಡಬೇಡ, ಕೆಡವಬೇಡ.

ಕನ್ನಡದವರಿಗೆ ಇಂಥ ‘ಬೇಡ’ಗಳ ಸಾಲು ಕೇಳಿದ ಕೂಡಲೇ ಯಾವ ವಚನ ನೆನಪಾಗುತ್ತೆ ಅಂತ ನಾನು ಹೇಳಬೇಕಿಲ್ಲ. ವಚನ ಹೇಳೋದು ಒಬ್ಬ ಮನುಷ್ಯನ ಅಂತರಂಗ, ಬಹಿರಂಗದ ಶುದ್ಧಿ. ಇಲ್ಲಿ ಅದು ಇಡೀ ಊರಿನ ನಡತೆ. ನನ್ನ ಮನೆ ನನ್ನದೇ, ಆದರೆ ಅದರ ಮುಂಭಾಗ, ಅದರ ಸೂರಿನ ಎತ್ತರ ಬೀದಿಗೆ ಸೇರಿದ್ದು ಅಂತ ಪ್ರತಿಯೊಂದು ಮನೆಯವರೂ ಒಪ್ಪಿಕೊಂಡರು. ಕಾನೂನು ಆಮೇಲೆ ಬಂತು. 1975ರಲ್ಲಿ ಜಪಾನ್ ಸರ್ಕಾರ ತನ್ನ ಸಾಂಸ್ಕೃತಿಕ ಆಸ್ತಿ ಕಾಯ್ದೆಗೆ ತಿದ್ದುಪಡಿ ತಂದು, ಒಂದೊಂದೇ ಕಟ್ಟಡವಲ್ಲ, ಹಳೇ ಮನೆಗಳ ಇಡೀ ಗುಂಪನ್ನೇ ರಕ್ಷಿಸಲು ಅವಕಾಶ ಮಾಡಿತು. 1976ರಲ್ಲಿ ಮೊದಲ ಸುತ್ತಿನಲ್ಲಿ ಆಯ್ಕೆಯಾದ ಏಳು ಪ್ರದೇಶಗಳಲ್ಲಿ ತ್ಸುಮಾಗೊ ಒಂದು.

ರಕ್ಷಣೆಯ ಗಡಿ ಎಷ್ಟು ಗೊತ್ತಾ? ಸುಮಾರು 1,245 ಹೆಕ್ಟೇರ್, ಅಂದ್ರೆ ಮೂರು ಸಾವಿರ ಎಕರೆಗೂ ಹೆಚ್ಚು. ಮನೆಗಳ ಸಾಲು ಅದರಲ್ಲಿ ಒಂದು ಸಣ್ಣ ಗೆರೆ. ಉಳಿದದ್ದು ಗದ್ದೆ, ಕಾಡು, ಬೆಟ್ಟ. ಬೀದಿಯಲ್ಲಿ ನಿಂತು ತಲೆ ಎತ್ತಿದಾಗ ಕಾಣೋ ಬೆಟ್ಟವೂ ಊರಿನ ಭಾಗವೇ ಅಂತ ಲೆಕ್ಕ. ನವೆಂಬರಿನಲ್ಲಿ ಆ ಮನೆಗಳ ಹಿಂದೆ ನಾವು ನೋಡೋ ಬಣ್ಣ ಆಕಸ್ಮಿಕ ಅಲ್ಲ. ಅಲ್ಲಿ ಒಂದು ಹೋಟೆಲ್ ಏಳದೆ ಇರೋದು ಯಾರೋ ಬೇಡ ಅಂದಿದ್ದರಿಂದ.

ಇಲ್ಲಿಗೆ ನಿಲ್ಲಿಸಿದರೆ ಇದು ಒಂದು ಚೆಂದದ ನೀತಿಕಥೆ ಆಗುತ್ತೆ. ಆದರೆ ಸಂಜೆ ಐದರ ಹೊತ್ತಿಗೆ ಆ ಬೀದಿಯಲ್ಲಿ ನಿಂತರೆ ಇನ್ನೊಂದು ಮುಖ ಕಾಣುತ್ತೆ. ಹಗಲಿನ ಪ್ರವಾಸಿಗಳು ಹೊರಟುಹೋಗಿರುತ್ತಾರೆ, ಅಂಗಡಿಗಳ ಹಲಗೆ ಬಾಗಿಲು ಹಾಕಿರುತ್ತೆ, ದೀಪ ಉರಿಯೋದು ಕೆಲವೇ ಮನೆಗಳಲ್ಲಿ. ಬೀದಿಯಲ್ಲಿ ನಾನು ನೋಡಿದವರಲ್ಲಿ ಹೆಚ್ಚಿನವರು ವಯಸ್ಸಾದವರು. ಈ ಊರು ಸೇರಿದ ನಾಗಿಸೊ ಪಟ್ಟಣದ ಒಟ್ಟು ಜನಸಂಖ್ಯೆಯೇ ನಾಲ್ಕು ಸಾವಿರದ ಆಸುಪಾಸು. ಜಪಾನಿನಾದ್ಯಂತ 2023ರ ಸಮೀಕ್ಷೆಯಲ್ಲಿ ಸಿಕ್ಕ ಖಾಲಿ ಮನೆಗಳು ಸುಮಾರು 90 ಲಕ್ಷ. ಮಕ್ಕಳು ನಗೋಯದಲ್ಲೋ ಟೋಕಿಯೊದಲ್ಲೋ ಇದ್ದರೆ, ಅಜ್ಜಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾರಿರಬೇಕು? ಮಾರಬೇಡ ಅಂದರೆ ಹೊಸಬರು ಕೊಳ್ಳೋ ಹಾಗಿಲ್ಲ. ಬಾಡಿಗೆಗೆ ಕೊಡಬೇಡ ಅಂದರೆ ಹೊಸಬರು ಬಂದು ಇರೋ ಹಾಗಿಲ್ಲ. ಊರನ್ನು ಹೊರಗಿನ ದುಡ್ಡಿನಿಂದ ಉಳಿಸಿದ ಮಾತೇ, ಊರಿಗೆ ಹೊರಗಿನ ಮಕ್ಕಳು ಬಾರದ ಹಾಗೂ ಮಾಡಬಹುದು. ಮೂರು ಮಾತುಗಳಲ್ಲಿ ‘ಕೆಡವಬೇಡ’ ಅನ್ನೋದು ಸುಲಭ. ಉಳಿದ ಎರಡು ಪ್ರತಿ ತಲೆಮಾರಿಗೂ ಹೊಸದಾಗಿ ಕಷ್ಟ ಕೊಡುತ್ತವೆ.

ಹಾಗಾದರೆ ಆ ನಿಯಮ ತಪ್ಪಾ? ನನಗೆ ಹಾಗನ್ನಿಸೋದಿಲ್ಲ. ನಿಯಮ ಇಲ್ಲದಿದ್ದರೆ ಏನಾಗುತ್ತೆ ಅಂತ ನಮಗೆ ಚೆನ್ನಾಗಿ ಗೊತ್ತು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಹಳೇ ಚೌಕಿಮನೆಗಳು ಒಂದೊಂದಾಗಿ ಬಿಚ್ಚಿ ಹೋಗ್ತಿವೆ. ಹಲಸಿನ ಕಂಬ, ಕೆತ್ತನೆಯ ಬಾಗಿಲು, ಮುಚ್ಚಿಗೆಯ ಹಲಗೆ ಎಲ್ಲ ಲಾರಿ ಹತ್ತಿ ನಗರಕ್ಕೆ ಹೋಗಿ ರೆಸಾರ್ಟಿನ ಸ್ವಾಗತ ಕೋಣೆಯಲ್ಲಿ ನಿಲ್ಲುತ್ತವೆ. ಮಾರಿದವರನ್ನು ಬೈಯೋದು ಸರಿಯಲ್ಲ. ಸೋರೋ ಸೂರಿನ ಕೆಳಗೆ ಇಬ್ಬರೇ ಮುದುಕರು ಇದ್ದರೆ ಅವರೇನು ಮಾಡಬೇಕು? ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಇಂಥ ಮನೆಗಳನ್ನು ಬಿಚ್ಚಿ ತಂದು, ಮತ್ತೆ ಜೋಡಿಸಿ, ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಕಟ್ಟಿದರು. ಅದು ದೊಡ್ಡ ಕೆಲಸ, ಅವರು ಮಾಡದಿದ್ದರೆ ಆ ಮನೆಗಳು ಸೌದೆ ಆಗ್ತಿದ್ದವು. ಆದರೆ ಅಲ್ಲಿ ಉಳಿದದ್ದು ಮನೆ. ಆ ಮನೆಯ ಮುಂದಿನ ಗದ್ದೆ, ಪಕ್ಕದ ಮನೆ, ದೇವಸ್ಥಾನಕ್ಕೆ ಹೋಗೋ ಕಾಲುದಾರಿ ಬರಲಿಲ್ಲ, ಬರೋದಕ್ಕೆ ಸಾಧ್ಯವೂ ಇರಲಿಲ್ಲ. ತ್ಸುಮಾಗೊದವರು ಉಳಿಸೋಕೆ ಹೊರಟಿದ್ದು ಅದನ್ನೇ. ಅದು ಒಬ್ಬ ಮನುಷ್ಯನ ಕೈಯಲ್ಲಿ ಆಗೋ ಕೆಲಸ ಅಲ್ಲ, ಅಕ್ಕಪಕ್ಕದ ಮನೆಗಳು ಮಾತಾಡಿಕೊಂಡರೆ ಮಾತ್ರ ಆಗೋದು.

ಹೋಗಬೇಕು ಅನ್ನೋರಿಗೆ ಕೆಲವು ವಿಷಯ ಹೇಳ್ತೀನಿ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಬಣ್ಣ ಚೆನ್ನಾಗಿರುತ್ತೆ. ನವೆಂಬರ್ 23ಕ್ಕೆ ತ್ಸುಮಾಗೊದಲ್ಲಿ ಎದೊ ಕಾಲದ ವೇಷ ತೊಟ್ಟು ಊರಿನವರ ಮೆರವಣಿಗೆ ಇರುತ್ತೆ. ಹೊತ್ತು ಬೇಗ ಮುಳುಗುತ್ತೆ, ಐದಕ್ಕೆಲ್ಲ ಕತ್ತಲೆ, ಹಾಗಾಗಿ ಬೆಳಗ್ಗೆಯೇ ಹೊರಡಿ. ಚಾರಣದ ಋತುವಿನಲ್ಲಿ ದೊಡ್ಡ ಬ್ಯಾಗನ್ನು ಒಂದು ಊರಿಂದ ಇನ್ನೊಂದು ಊರಿಗೆ ಕಳಿಸಿಕೊಡೋ ವ್ಯವಸ್ಥೆ ಎರಡೂ ಕಡೆಯ ಪ್ರವಾಸಿ ಮಾಹಿತಿ ಕೇಂದ್ರಗಳಲ್ಲಿದೆ. ಕಲ್ಲು ಹಾಸಿದ ಜಾಗ ಮಳೆ ಬಂದರೆ ಜಾರುತ್ತೆ, ಉದುರಿದ ಎಲೆ ಇದ್ದರೆ ಇನ್ನೂ ಜಾರುತ್ತೆ.

ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ಸೊಬಾ ನೂಡಲ್ಸಿನ ಸಾರಿಗೆ ಸಾಮಾನ್ಯವಾಗಿ ಒಣ ಮೀನಿನ ಸತ್ವ ಹಾಕಿರ್ತಾರೆ, ಕೇಳಿ ತಿಳಿದುಕೊಳ್ಳಿ. ಗೊಹೆಯ್ ಮೋಚಿ ಅಂತ ಒಂದಿದೆ, ಅನ್ನವನ್ನು ಕುಟ್ಟಿ ಕಡ್ಡಿಗೆ ಹಚ್ಚಿ, ಆಕ್ರೋಟು, ಎಳ್ಳು, ಸೋಯಾ ಸೇರಿಸಿದ ಗೊಜ್ಜು ಬಳಿದು ಕೆಂಡದಲ್ಲಿ ಸುಟ್ಟಿದ್ದು. ನಾಕತ್ಸುಗಾವಾದ ಕುರಿ ಕಿಂಟೊನ್ ಬರೋದೂ ಇದೇ ಕಾಲದಲ್ಲಿ. ಚೆಸ್ಟ್‌ನಟ್ ಬೇಯಿಸಿ ಸಕ್ಕರೆ ಹಾಕಿ ಬಟ್ಟೆಯಲ್ಲಿ ಹಿಂಡಿ ಮಾಡಿದ ಉಂಡೆ. ನಮ್ಮ ನಾಲಿಗೆಗೆ ತಕ್ಷಣ ಹಿಡಿಸುತ್ತೆ.

ಮತ್ತೆ ಒಂದು ಮಾತು. ಆಗೋದಾದರೆ ಹಗಲು ಬಂದು ಫೋಟೊ ತೆಗೆದು ಹೊರಟು ಹೋಗಬೇಡಿ. ಒಂದು ರಾತ್ರಿ ಅಲ್ಲೇ ಯಾವುದಾದರೂ ಮನೆಯವರು ನಡೆಸೋ ತಂಗುಮನೆಯಲ್ಲಿ ಉಳಿಯಿರಿ. ಊಟ ಅವರ ಕೈಯದ್ದು ಮಾಡಿ. ಆ ಮನೆ ಮುಂದಿನ ವರ್ಷವೂ ಬಾಗಿಲು ತೆರೆದಿರಬೇಕು ಅಂದರೆ ನಮ್ಮಂಥವರಿಂದ ಆಗೋ ಸಹಾಯ ಅಷ್ಟೇ. ಕೊಡಗು, ಶಿರಸಿ, ಸಕಲೇಶಪುರದ ಕಡೆ ಹೋದಾಗಲೂ ಇದೇ ಮಾತು ಅನ್ವಯಿಸುತ್ತೆ.

ಇದನ್ನು ಕೇಳ್ತಿರೋರಲ್ಲಿ ಊರಲ್ಲಿ ಹಳೇ ಮನೆ ಇರೋರು ಖಂಡಿತ ಇದ್ದೀರಿ. ಅಣ್ಣತಮ್ಮಂದಿರ ನಡುವೆ ‘ಏನು ಮಾಡೋಣ’ ಅನ್ನೋ ಮಾತು ಪ್ರತಿ ಹಬ್ಬಕ್ಕೂ ಬಂದು, ಉತ್ತರ ಸಿಗದೆ ಮುಂದಿನ ಹಬ್ಬಕ್ಕೆ ಹೋಗ್ತಿರುತ್ತೆ. ತ್ಸುಮಾಗೊದಲ್ಲಿ ಆ ಮಾತು ಒಂದು ಮನೆಯ ಜಗಲಿಯಿಂದ ಇಳಿದು ಇಡೀ ಬೀದಿಯ ಮಾತಾಯ್ತು, ಹಾಗಾಗಿ ಒಂದು ಉತ್ತರ ಸಿಕ್ತು. ಉತ್ತರ ಪೂರ್ತಿ ಸರಿ ಇಲ್ಲದೇ ಇರಬಹುದು, ಐವತ್ತು ವರ್ಷವಂತೂ ಊರನ್ನು ನಿಲ್ಲಿಸಿದೆ. ನಿಮ್ಮ ಬೀದಿಯಲ್ಲಿ ಆ ಮಾತು ಯಾರಾದರೂ ಶುರು ಮಾಡಿದ್ದರೆ ನಮಗೆ ಬರೆದು ತಿಳಿಸಿ.

ಮುಂದಿನ ವಾರ ಇನ್ನೊಂದು ದಾರಿಯಲ್ಲಿ ಸಿಗೋಣ. ಅಲ್ಲಿಯವರೆಗೆ, ನಮಸ್ಕಾರ.